ಬೆಕ್ಕು ಮುಚ್ಚಿಟ್ಟದ್ದು

ಈ ವಾರದ ವಿಷಯವನ್ನು ಆರಿಸಿಕೊಳ್ಳುವಾಗ ನಾನು ಕೊಂಚ ಹಿಂಜರಿದೆನೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ವಾಚಕರಲ್ಲಿ ಹಲವರು ವಾರಪತ್ರಿಕೆಯನ್ನು ಬೆಳಗಿನ ಕಾಫಿಯೊಡನೆ ಓದತಕ್ಕವರು. ಅಂಥವರು ಲೋಟವನ್ನು ಬರಿದುಮಾಡಿದ ಮೇಲೆಯೇ ಈ ಪುಟಕ್ಕೆ ಬರಬೇಕೆಂದು ನನ್ನ ಬಿನ್ನಹ. ಅಷ್ಟರಲ್ಲಿ ಧಾರಾವಾಹಿಯ ಈ ವಾರದ ಕಂತನ್ನು ಮುಗಿಸಿಕೊಂಡರೂ ಅಡ್ಡಿಯಿಲ್ಲ. ನಾನು ಬರೆಯಹೊರಟಿರುವುದು ಬೆಕ್ಕಿನ ಮಲವನ್ನು ಕುರಿತು.

ಪಂಪ ರನ್ನರ ಪಾಠ ಹೇಳುವವನಿಗೆ ಈ ವ್ಯವಹಾರವೇಕೆ ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ: ಕೆಂಚ. ಕೆಂಚ ಸೊರಬ ತಾಲ್ಲೂಕಿನ ನಮ್ಮ ಹಿರಿಯರ ಮನೆಯ ಅಟ್ಟದ ಮೇಲೆ ಹುಟ್ಟಿ, ಅಡಕೆಯ ಬುಟ್ಟಿಯೊಂದರಲ್ಲಿ ಕುಳಿತು ಬಸ್ಸಿನಲ್ಲಿ ಶಿಕಾರಿಪುರಕ್ಕೆ ಬಂದ ಗಂಡುಬೆಕ್ಕು. ಹಳ್ಳಿಯ ಮನೆಯಲ್ಲಿ ಬೆಕ್ಕಿನ ಮಲವನ್ನು ನೋಡಿದವರೇ ಇಲ್ಲ. ಬೂದಿಯ ಗುಂಡಿ, ತೋಟದ ತರಗು, ಹಿತ್ತಿಲ ಮಣ್ಣು ಎಲ್ಲವೂ ಅದರದೇ. ಅಗೆದು, ಕುಳಿತು, ಮುಚ್ಚಿ, ಒಮ್ಮೆ ಮೂಸಿ ನೋಡಿ ಹೊರಟುಬಿಡುತ್ತದೆ. ಪೇಟೆಯ ಮನೆಯಲ್ಲಿ ಮಣ್ಣೆಲ್ಲಿ? ಹಿಂದಿನ ಜಗಲಿಯ ಮೂಲೆಯಲ್ಲಿ ಒಂದು ಹಳೆಯ ಪ್ಲಾಸ್ಟಿಕ್ ತಟ್ಟೆ, ಅದರ ತುಂಬ ಮರಳು. ಅದನ್ನು ಶುಚಿಗೊಳಿಸುವ ಕೆಲಸ ನನ್ನಾಕೆಯದಾಗಿತ್ತು. ನಾನು ಆ ಮೂಲೆಯ ಕಡೆಗೆ ತಲೆಯಿಟ್ಟೂ ಮಲಗಿದವನಲ್ಲ.

ಎರಡು ವರ್ಷಗಳ ಹಿಂದೆ ಅವಳು ನಾಲ್ಕು ತಿಂಗಳ ಗರ್ಭಿಣಿಯಾಗಿದ್ದಾಗ ನನ್ನ ಸೋದರತ್ತೆ ಒಂದು ಡಬ್ಬ ಚಕ್ಕುಲಿಯೊಡನೆ ನಮ್ಮಲ್ಲಿಗೆ ಬಂದರು. ಕುರ್ಚಿಯ ಮೇಲೆ ಸುರುಳಿ ಸುತ್ತಿಕೊಂಡು ಮಲಗಿದ್ದ ಕೆಂಚನನ್ನು ಕಂಡೊಡನೆ ಅವರ ಮುಖ ಕಪ್ಪಿಟ್ಟಿತು.

“ಬಸುರಿ ಇರೋ ಮನೆಯಲ್ಲಿ ಬೆಕ್ಕೇನೋ? ಅದರ ಹೇಸಿಗೆಯಿಂದ ಹೊಟ್ಟೆಯೊಳಗಿನ ಕೂಸಿಗೆ ಕೇಡಂತೆ. ಮೊಬೈಲಿನಲ್ಲಿಯೇ ಬಂದಿದೆ. ಗೋಣಿಚೀಲದಲ್ಲಿ ಹಾಕಿ ಸಂತೆ ಬಯಲಿನ ಹತ್ತಿರ ಬಿಟ್ಟು ಬಾರೋ ಮಾರಾಯ.”

ನನ್ನಾಕೆ ಏನೂ ಹೇಳಲಿಲ್ಲ. ಕೆಂಚನನ್ನು ಎತ್ತಿಕೊಂಡು ಒಳಗೆ ಹೋದಳು. ಆ ಮೌನಕ್ಕೆ ಹೆದರಿಯೇ ನಾನು ಮರುದಿನ ಇಬ್ಬರು ವೈದ್ಯರನ್ನು ಕಂಡೆ: ಒಬ್ಬರು ಅವಳನ್ನು ನೋಡುತ್ತಿದ್ದವರು, ಇನ್ನೊಬ್ಬರು ಪಶುವೈದ್ಯರು.

ಅತ್ತೆಯ ಮಾತು ಪೂರ್ಣ ಸುಳ್ಳಲ್ಲ. ಪೂರ್ಣ ನಿಜವೂ ಅಲ್ಲ. ಟಾಕ್ಸೊಪ್ಲಾಸ್ಮ ಎಂಬ ಏಕಕೋಶ ಜೀವಿಯೊಂದುಂಟು. 1908 ರಲ್ಲಿ ಟ್ಯೂನಿಸ್ ನಗರದಲ್ಲಿ ನಿಕೋಲ್ ಮತ್ತು ಮಾನ್ಸೋ ಎಂಬಿಬ್ಬರು ವಿಜ್ಞಾನಿಗಳು ಗುಂಡಿ ಎಂಬ ಇಲಿಯ ಬಳಗದ ಪ್ರಾಣಿಯಲ್ಲಿ ಇದನ್ನು ಕಂಡರು. ಆದರೆ ಬೆಕ್ಕಿನ ಕರುಳೇ ಇದರ ನಿಜವಾದ ತವರುಮನೆ, ಅದರ ಮಲದಲ್ಲಿಯೇ ಇದರ ಮೊಟ್ಟೆಯಂಥ ಬೀಜಕೋಶಗಳು ಹೊರಬೀಳುತ್ತವೆ ಎಂಬುದು ಖಚಿತವಾದದ್ದು 1970 ರ ಸುಮಾರಿಗೆ. ಬಸುರಿನಲ್ಲಿ ಮೊದಲ ಬಾರಿಗೆ ಈ ಸೋಂಕು ತಗುಲಿದರೆ ಶಿಶುವಿನ ಕಣ್ಣು, ಮಿದುಳುಗಳಿಗೆ ಅಪಾಯವುಂಟು, ಇದು ನಿಜ. ಆದರೆ ಇದರ ಮುಂದಿನ ಸಂಗತಿಗಳು ಮೊಬೈಲಿನಲ್ಲಿ ಬಂದಿರಲಿಲ್ಲ. ಬೆಕ್ಕು ಈ ಬೀಜಕೋಶಗಳನ್ನು ಜೀವನಪರ್ಯಂತ ಹೊರಹಾಕುವುದಿಲ್ಲ. ಇಲಿಯನ್ನೋ ಹಸಿ ಮಾಂಸವನ್ನೋ ತಿಂದು ಮೊದಲ ಬಾರಿ ಸೋಂಕಿಗೀಡಾದಾಗ, ಸಾಮಾನ್ಯವಾಗಿ ಒಂದೆರಡು ವಾರ ಮಾತ್ರ. ಹೊರಬಿದ್ದ ಬೀಜಕೋಶವೂ ಕೂಡಲೇ ಸೋಂಕುವಂಥದಲ್ಲ. ಅದು ಮಾಗುವುದಕ್ಕೆ ಒಂದರಿಂದ ಐದು ದಿನ ಬೇಕು. ಅಂದಮೇಲೆ ತಟ್ಟೆಯನ್ನು ದಿನಕ್ಕೊಮ್ಮೆ ತಪ್ಪದೆ ಶುಚಿಮಾಡಿದರೆ, ಅದನ್ನು ಬಸುರಿಯ ಬದಲು ಬೇರೆಯವರು ಮಾಡಿದರೆ, ಅಪಾಯದ ಬಹುಪಾಲು ಅಲ್ಲಿಗೇ ನಿಂತಿತು. ಸರಿಯಾಗಿ ಬೇಯದ ಮಾಂಸ, ತೊಳೆಯದ ಸೊಪ್ಪು, ತೋಟದ ಮಣ್ಣಿನಲ್ಲಿ ಬರಿಗೈ, ಇವುಗಳ ಮೂಲಕವೂ ಈ ಸೋಂಕು ಮನುಷ್ಯರಿಗೆ ಬರುತ್ತದೆ. ಸೊಪ್ಪಿನ ಕಟ್ಟನ್ನು ಗೋಣಿಚೀಲದಲ್ಲಿ ಹಾಕಿ ಸಂತೆಯಲ್ಲಿ ಬಿಟ್ಟುಬಂದವರನ್ನು ಮಾತ್ರ ನಾನು ಕಾಣೆ.

“ಬೆಕ್ಕನ್ನು ಬಿಡಬೇಕಾಗಿಲ್ಲ, ತಟ್ಟೆಯ ಕೆಲಸವನ್ನು ಇವತ್ತಿನಿಂದ ನೀವು ಮಾಡಿ ಮೇಷ್ಟ್ರೇ” ಎಂದರು ಪಶುವೈದ್ಯರು. ಹೀಗೆ ನಾನು ಕೈಗವಸು ಧರಿಸಿ, ಒಂದು ಹಳೆಯ ಸಟ್ಟುಗವನ್ನು ಹಿಡಿದು, ನನ್ನ ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಒಂದು ಹೊಸ ಶಾಸ್ತ್ರದ ವಿದ್ಯಾರ್ಥಿಯಾದೆ.

ಶಾಸ್ತ್ರವೆಂದ ಮೇಲೆ ಮೊದಲು ಪದಗಳನ್ನು ಹುಡುಕುವುದು ನನ್ನ ಕಸುಬಿನ ದೋಷ. ಹಸುವಿನದು ಸಗಣಿ, ಆನೆ ಕುದುರೆಗಳದು ಲದ್ದಿ, ಆಡು ಕುರಿ ಇಲಿಗಳದು ಹಿಕ್ಕೆ. ಹೀಗೆ ನಮ್ಮ ನುಡಿ ಒಂದೊಂದಕ್ಕೂ ಒಂದು ಹೆಸರಿಟ್ಟಿದೆ. ಬೆಕ್ಕಿನದಕ್ಕೆ ಮಾತ್ರ ಅದರದೇ ಆದ ಹೆಸರಿಲ್ಲ. ಕಣ್ಣಿಗೆ ಬೀಳದ್ದಕ್ಕೆ, ಉಪಯೋಗಕ್ಕೆ ಬಾರದ್ದಕ್ಕೆ ಜನ ಹೆಸರಿಡುವ ಗೋಜಿಗೆ ಹೋಗಲಿಲ್ಲವೆಂದು ತೋರುತ್ತದೆ. ಪ್ರಾಣಿಗೇನೋ ಹೆಸರುಗಳಿಗೆ ಕೊರತೆಯಿಲ್ಲ. ಹಳಗನ್ನಡದ ಬೆರ್ಕು ನಮ್ಮ ಬೆಕ್ಕಾಯಿತು. ಸಂಸ್ಕೃತದಲ್ಲಿ ಓತು, ಬಿಡಾಲ, ಮಾರ್ಜಾರ. ಈ ಮಾರ್ಜಾರ ಶಬ್ದ ಬಂದಿರುವುದು ತೊಳೆ, ಒರೆಸು ಎಂಬರ್ಥದ ಧಾತುವಿನಿಂದ; ತನ್ನನ್ನು ತಾನು ಸದಾ ನೆಕ್ಕಿ ಶುಚಿಮಾಡಿಕೊಳ್ಳುವುದು ಎಂಬ ಭಾವ. ಇದು ಬರಿಯ ಶಬ್ದಚಮತ್ಕಾರವಲ್ಲ. ಈ ಶುಚಿತ್ವವೇ ಬೆಕ್ಕಿನ ಮಟ್ಟಿಗೆ ಒಂದು ಗಂಡಾಂತರ. ತನ್ನ ಹೊಲಸನ್ನು ಮುಚ್ಚುವ ಪ್ರಾಣಿ ತನ್ನ ರೋಗವನ್ನೂ ಅದರೊಡನೆ ಮುಚ್ಚಿಬಿಡುತ್ತದೆ. ನಾಯಿ ಹೊಟ್ಟೆನೋವಿಗೆ ಕುಂಯ್ಗುಟ್ಟೀತು. ಬೆಕ್ಕು ಹಾಸಿಗೆಯ ಕೆಳಗೆ ಹೋಗಿ ಸುಮ್ಮನೆ ಕುಳಿತುಕೊಳ್ಳುತ್ತದೆ. ಹಾಗಾಗಿ ಮರಳ ತಟ್ಟೆಯೇ ಅದು ನಮಗೆ ದಿನವೂ ಬರೆಯುವ ಕಾಗದ.

ಆರೋಗ್ಯವಂತ ಬೆಕ್ಕಿನ ಕಾಗದ ಹೇಗಿರುತ್ತದೆ? ಗಾಢ ಕಂದು ಬಣ್ಣ. ಬೆರಳಿನಂತೆ ಉದ್ದಕ್ಕೆ ರೂಪುಗೊಂಡದ್ದು. ಗಟ್ಟಿಯೆನ್ನುವಷ್ಟು ಗಟ್ಟಿಯಲ್ಲ, ಆದರೆ ಸಟ್ಟುಗದಲ್ಲಿ ಎತ್ತಿದರೆ ಮುರಿಯದೆ ಬರುತ್ತದೆ, ಮರಳಿನ ಮೇಲೆ ಅಂಟು ಉಳಿಸುವುದಿಲ್ಲ. ದಿನಕ್ಕೊಮ್ಮೆ, ಕೆಲವಕ್ಕೆ ಎರಡು ಬಾರಿ. ವಾಸನೆ ಇದ್ದೇ ಇರುತ್ತದೆ; ಆದರೆ ಮನೆಮಂದಿ ಎದ್ದು ಕಿಟಕಿ ತೆರೆಯುವಂಥದಾದರೆ ಏನೋ ಬದಲಾಗಿದೆಯೆಂದು ತಿಳಿಯಬೇಕು. ಅಲ್ಲಲ್ಲಿ ಕೂದಲೆಳೆ ಕಂಡರೆ ಗಾಬರಿಯಿಲ್ಲ, ಮೈ ನೆಕ್ಕುವ ಪ್ರಾಣಿ ರೋಮವನ್ನು ನುಂಗದಿದ್ದೀತೇ? ಆ ಕಂದು ಬಣ್ಣ ಬರುವುದು ಯಕೃತ್ತಿನಿಂದ ಕರುಳಿಗಿಳಿಯುವ ಪಿತ್ತದಿಂದ. ಪಿತ್ತದ ಹಾದಿ ಕಟ್ಟಿತೆಂದರೆ ಮಲ ಬೂದು ಜೇಡಿಯಂತೆ ಬಿಳಿಚಿಕೊಳ್ಳುತ್ತದೆ. ಜೊತೆಗೆ ಒಸಡು, ಕಿವಿಯ ಒಳಭಾಗ ಹಳದಿಗಟ್ಟಿದ್ದರೆ ಕಾಮಾಲೆ. ಅದು ಅಪರೂಪ, ಆದರೆ ಕಂಡರೆ ಕಾಯತಕ್ಕದ್ದಲ್ಲ.

ಇನ್ನು ಹಾಲಿನ ಸಂಗತಿ. ತೆನಾಲಿ ರಾಮಕೃಷ್ಣನ ಬೆಕ್ಕು ಹಾಲನ್ನು ಕಂಡರೆ ಓಡುತ್ತಿತ್ತೆಂಬ ಕಥೆಯನ್ನು ಕೇಳಿ ನಕ್ಕವರೆಲ್ಲ ನಾವು. ಬಾಯಿ ಸುಟ್ಟುಕೊಂಡದ್ದರಿಂದಲೇ ಇರಲಿ, ಆ ಬೆಕ್ಕಿಗೆ ಒಳ್ಳೆಯದೇ ಆಯಿತೆಂದು ಈಗ ನನಗನ್ನಿಸುತ್ತದೆ. ತಾಯಿಯ ಮೊಲೆ ಬಿಟ್ಟ ಮೇಲೆ ಹೆಚ್ಚಿನ ಬೆಕ್ಕುಗಳ ಕರುಳಿನಲ್ಲಿ ಹಾಲಿನ ಸಕ್ಕರೆಯನ್ನು ಒಡೆಯುವ ಕಿಣ್ವ ಕಡಿಮೆಯಾಗುತ್ತ ಹೋಗುತ್ತದೆ. ಒಡೆಯದೆ ಉಳಿದ ಸಕ್ಕರೆ ಕರುಳಿನೊಳಕ್ಕೆ ನೀರನ್ನು ಎಳೆಯುತ್ತದೆ, ಅಲ್ಲಿನ ಸೂಕ್ಷ್ಮಜೀವಿಗಳ ಕೈಗೆ ಸಿಕ್ಕಿ ಹುಳಿಯುತ್ತದೆ. ಫಲ, ನೀರಾದ ಮಲ, ಹೊಟ್ಟೆಯುಬ್ಬರ. ಬೆಕ್ಕು ಹಾಲನ್ನು ಆಸೆಪಟ್ಟು ಕುಡಿಯುತ್ತದಲ್ಲ ಎಂದರೆ, ಆಸೆಪಟ್ಟದ್ದೆಲ್ಲ ಒಗ್ಗುವುದಾಗಿದ್ದರೆ ಮದುವೆಮನೆಯ ಮರುದಿನ ನಮ್ಮ ಪಾಡು ಹಾಗಾಗುತ್ತಿರಲಿಲ್ಲ.

ನಮ್ಮದು ಸಸ್ಯಾಹಾರಿಗಳ ಮನೆ. ತಲೆತಲಾಂತರದಿಂದ ನಮ್ಮ ಬೆಕ್ಕುಗಳಿಗೆ ಹಾಲನ್ನವೇ ಊಟ, ಕೆಲವು ದಿನ ಮೊಸರನ್ನ. ಅವು ಬದುಕಿದ್ದು ನಮ್ಮ ಹಾಲನ್ನದಿಂದಲ್ಲ, ಅಟ್ಟದ ಇಲಿಗಳಿಂದ ಎಂಬುದು ನನಗೆ ತಡವಾಗಿ ತಿಳಿಯಿತು. ಬೆಕ್ಕು ಹುಟ್ಟಾ ಮಾಂಸಾಹಾರಿ. ಟಾರಿನ್ ಎಂಬ ಸತ್ವವನ್ನು ಅದು ತನ್ನ ಮೈಯಲ್ಲಿ ಸಾಕಷ್ಟು ತಯಾರಿಸಿಕೊಳ್ಳಲಾರದು, ಮಾಂಸದಿಂದಲೇ ಪಡೆಯಬೇಕು. ಅದಿಲ್ಲದಿದ್ದರೆ ಕಣ್ಣು ಕುರುಡಾಗುವುದೆಂದು 1970 ರ ದಶಕದಲ್ಲಿಯೂ, ಹೃದಯ ಕೆಡುವುದೆಂದು 1987 ರಲ್ಲಿಯೂ ವಿಜ್ಞಾನಿಗಳು ಕಂಡುಕೊಂಡರು. ಹಾಲನ್ನವನ್ನೇ ತಿನ್ನುವ ಬೆಕ್ಕಿನ ಮಲ ಹೆಚ್ಚು, ಮೆದು, ತಿಳಿಬಣ್ಣ. ಪಶುವೈದ್ಯರ ಮಾತಿನಂತೆ ಕೆಂಚನಿಗೆ ಅಂಗಡಿಯ ಒಣ ಆಹಾರವನ್ನು ತಂದೆವು. ತಂದ ದಿನವೇ ಬಟ್ಟಲು ತುಂಬ ಸುರಿದದ್ದು ನನ್ನ ತಪ್ಪು. ಮೂರು ದಿನ ಮರಳ ತಟ್ಟೆ ನನಗೆ ಬುದ್ಧಿ ಹೇಳಿತು. ಹೊಸ ಆಹಾರವನ್ನು ಹಳೆಯದರೊಡನೆ ಸ್ವಲ್ಪಸ್ವಲ್ಪವಾಗಿ ಬೆರೆಸುತ್ತ ಒಂದು ವಾರದಲ್ಲಿ ಬದಲಿಸಬೇಕು.

ಇಲಿಯೇ ಬೆಕ್ಕಿನ ಊಟವಾದರೆ ಇಲಿಯೊಳಗಿರುವುದೂ ಬೆಕ್ಕಿನದಾಗುತ್ತದೆ. ಒಂದು ಬೆಳಗ್ಗೆ ಮಲದ ಮೇಲೆ, ಕೆಂಚನ ಬಾಲದ ಬುಡದ ಕೂದಲಿನಲ್ಲಿ ಸಹ, ಸೌತೆಬೀಜದಂಥ ಬಿಳಿಯ ಚೂರುಗಳು ಕಂಡವು. ಒಂದೆರಡು ಮೆಲ್ಲನೆ ಹೊರಳಾಡುತ್ತಿದ್ದವು. ಅವು ಲಾಡಿಹುಳುವಿನ ತುಂಡುಗಳು. ಒಂದೊಂದೂ ಮೊಟ್ಟೆಗಳಿಂದ ತುಂಬಿದ ಚೀಲ. ಒಂದು ಬಗೆಯ ಲಾಡಿಹುಳು ಇಲಿಯಿಂದ ಬರುತ್ತದೆ, ಇನ್ನೊಂದು ಬಗೆ ಚಿಗಟದಿಂದ. ಮೈ ನೆಕ್ಕುವಾಗ ಬೆಕ್ಕು ಚಿಗಟವನ್ನೂ ನುಂಗುತ್ತದೆ, ಚಿಗಟದೊಳಗಿನ ಮರಿಹುಳು ಕರುಳನ್ನು ಸೇರುತ್ತದೆ. ಆದ್ದರಿಂದ ಹುಳುವಿಗೆ ಮದ್ದು ಕೊಟ್ಟು ಚಿಗಟವನ್ನು ಹಾಗೆಯೇ ಬಿಟ್ಟರೆ ಒಂದು ತಿಂಗಳಲ್ಲಿ ಸೌತೆಬೀಜ ಮತ್ತೆ ಹಾಜರು. ಮರಿಗಳಲ್ಲಿ ಹೆಚ್ಚಾಗಿ ಕಾಣುವುದು ದುಂಡುಹುಳು, ಬೆಂದ ಶಾವಿಗೆಯ ಎಳೆಯಂತೆ. ಇದು ತಾಯಿಯ ಹಾಲಿನ ಮೂಲಕವೇ ಮರಿಗೆ ಇಳಿಯಬಲ್ಲದು. ಡೊಳ್ಳುಹೊಟ್ಟೆ, ಬಡಕಲು ಬೆನ್ನು, ಮಂಕು ಕೂದಲಿನ ಮರಿಯನ್ನು ಕಂಡು ‘ಚೆನ್ನಾಗಿ ಹಾಲು ಕುಡಿದಿದೆ’ ಎಂದು ಸಂತೋಷಪಡುವವರಿದ್ದಾರೆ. ಅದು ಹಾಲಲ್ಲ, ಹುಳು. ಕೊಕ್ಕೆಹುಳುವಾದರೆ ಕಣ್ಣಿಗೆ ಬೀಳದು. ಅದು ರಕ್ತ ಹೀರುವುದರಿಂದ ಮರಿಯ ಒಸಡು ಬಿಳಿಚುತ್ತದೆ, ಮಲ ಕಪ್ಪಾಗುತ್ತದೆ. ಜಂತಿನ ಮದ್ದನ್ನು ತೂಕ ನೋಡಿಯೇ ಕೊಡಬೇಕು. ನಾಯಿಯ ಮದ್ದಿನಲ್ಲಿ ಅರ್ಧ ಮುರಿದು ಕೊಡುವ ಅಂದಾಜಿನ ವೈದ್ಯ ಬೇಡ.

ಕಪ್ಪಿನ ಮಾತು ಬಂತಲ್ಲ. ರಕ್ತದ ವಿಚಾರದಲ್ಲಿ ಕೆಂಪಿಗಿಂತ ಕಪ್ಪನ್ನು ಕಂಡು ಹೆಚ್ಚು ಹೆದರಬೇಕೆಂಬುದು ನನಗೆ ಹೊಸ ಪಾಠ. ಮಲದ ಮೇಲೆ ಕೆಂಪು ಗೆರೆಯೊಂದು ಕಂಡರೆ ರಕ್ತ ಬಂದಿರುವುದು ದೊಡ್ಡ ಕರುಳಿನಿಂದಲೋ ಗುದದಿಂದಲೋ. ಗಟ್ಟಿ ಮಲ ಗೀರಿದರೂ ಹಾಗಾದೀತು. ಆದರೆ ಮಲವೇ ಡಾಂಬರಿನಂತೆ ಕಪ್ಪಗೆ, ಹೊಳೆಯುತ್ತ, ಅಂಟಂಟಾಗಿದ್ದರೆ ರಕ್ತ ಜಠರದಲ್ಲಿಯೋ ಸಣ್ಣ ಕರುಳಿನಲ್ಲಿಯೋ ಸೋರಿ, ಜೀರ್ಣವಾಗುತ್ತ ಬಂದಿದೆಯೆಂದು ಅರ್ಥ. ಅದೇ ದಿನ ವೈದ್ಯರಲ್ಲಿಗೆ.

ನಮ್ಮ ಸೀಮೆಯಲ್ಲಿ ರಕ್ತಕ್ಕೆ ಇನ್ನೊಂದು ಕಾರಣವುಂಟು. ಗದ್ದೆಗೂ ತೋಟಕ್ಕೂ ಇಲಿಪಾಷಾಣ ಇಡುವ ಕಾಲದಲ್ಲಿ ಸತ್ತ, ಸಾಯುತ್ತಿರುವ ಇಲಿಗಳು ಬೆಕ್ಕಿಗೆ ಸುಲಭದ ತುತ್ತು. ಬ್ರೊಮಾಡಿಯೊಲೋನಿನಂಥ ಪಾಷಾಣ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೇ ಕೆಡಿಸುತ್ತದೆ. ತಿಂದ ದಿನ ಬೆಕ್ಕು ಚೆನ್ನಾಗಿಯೇ ಇರುತ್ತದೆ. ಕೆಲವು ದಿನಗಳ ಮೇಲೆ ಮಲದಲ್ಲಿ, ಮೂಗಿನಲ್ಲಿ, ಒಸಡಿನಲ್ಲಿ ರಕ್ತ. ಇದಕ್ಕೆ ಕೆ ಜೀವಸತ್ವವೆಂಬ ಮದ್ದಿದೆ, ಬೇಗ ಹೋದರೆ ಬೆಕ್ಕು ಉಳಿಯುತ್ತದೆ. ಜಿಂಕ್ ಫಾಸ್ಫೈಡಿಗಾದರೆ ಅಂಥ ಪ್ರತಿವಿಷವಿಲ್ಲ. ನೆರೆಯವರು ಪಾಷಾಣ ಇಡುವ ದಿನವನ್ನು ಕೇಳಿ ತಿಳಿದು ಬೆಕ್ಕನ್ನು ಒಳಗೆ ಹಾಕುವುದೊಂದೇ ನಾನು ಕಂಡ ದಾರಿ.

ಈಗ ಭೇದಿಯ ಮಾತು. ಇದನ್ನು ಬರೆಯುವಾಗ ನನಗೆ ಕೆಂಚನ ತಂಗಿಯ ನೆನಪು ಬರುತ್ತದೆ. ಅದೇ ಅಡಕೆ ಬುಟ್ಟಿಯಲ್ಲಿ ಅವನೊಡನೆ ಬಂದದ್ದು, ಬಿಳಿಯ ಮರಿ, ಬೆಳ್ಳಿ ಎಂದು ಕರೆಯುತ್ತಿದ್ದೆವು. ಮೂರು ತಿಂಗಳ ಮರಿ ಒಂದು ಸಂಜೆ ಊಟ ಬಿಟ್ಟಿತು, ವಾಂತಿ ಮಾಡಿತು, ರಾತ್ರಿ ನೀರುಭೇದಿ. ಹಾಲು ಒಗ್ಗಿಲ್ಲವೆಂದು ನಾವು ಮಜ್ಜಿಗೆ ಕುಡಿಸಿದೆವು. ಮರುದಿನ ಭೇದಿಯಲ್ಲಿ ರಕ್ತವಿತ್ತು. ನೀರಿನ ಬಟ್ಟಲಿನ ಮುಂದೆ ತಲೆ ಬಗ್ಗಿಸಿ ಕುಳಿತೇ ಇತ್ತು, ಕುಡಿಯಲಿಲ್ಲ. ಭಾನುವಾರ ಕಳೆಯಲಿ ಎಂದುಕೊಂಡೆವು. ಸೋಮವಾರ ಬೆಳಗ್ಗೆ ವೈದ್ಯರ ಮೇಜಿನ ಮೇಲೆ ಮಲಗಿಸಿದಾಗ ಅದರ ಮೈ ತಣ್ಣಗಾಗುತ್ತಿತ್ತು. ಅದಕ್ಕೆ ಬಂದಿದ್ದದ್ದು ಪ್ಯಾನ್‌ಲ್ಯೂಕೊಪೇನಿಯಾ ಎಂಬ ವೈರಸ್ ರೋಗ. ನಾಯಿಮರಿಗಳನ್ನು ಕೊಲ್ಲುವ ಪಾರ್ವೊ ಕಾಯಿಲೆಯ ದಾಯಾದಿ. ಕರುಳಿನ ಒಳಪದರವನ್ನೂ ರಕ್ತದ ಬಿಳಿಯ ಕಣಗಳನ್ನೂ ಒಟ್ಟಿಗೆ ನಾಶಮಾಡುತ್ತದೆ. ಚಿಕಿತ್ಸೆ ಸಿಕ್ಕದ ಮರಿಗಳಲ್ಲಿ ಹೆಚ್ಚಿನವು ಉಳಿಯುವುದಿಲ್ಲ. ಲಸಿಕೆಯಿದೆ: ಆರೆಂಟು ವಾರದ ವಯಸ್ಸಿಗೆ ಆರಂಭಿಸಿ, ಮೂರು ನಾಲ್ಕು ವಾರಗಳಿಗೊಮ್ಮೆ, ಹದಿನಾರು ವಾರ ತುಂಬುವವರೆಗೆ. ನಾವು ಹಾಕಿಸಿರಲಿಲ್ಲ. ಆ ವೈರಸ್ ಮನೆಯ ನೆಲದಲ್ಲಿ ಒಂದು ವರ್ಷದವರೆಗೂ ಬದುಕಿರಬಲ್ಲದು, ಸಾಮಾನ್ಯ ಫಿನಾಯಿಲಿಗೆ ಜಗ್ಗದು. ಬ್ಲೀಚಿನ ದ್ರಾವಣದಿಂದ ತೊಳೆದೆವು. ಕೆಂಚನಿಗೆ ರೋಗ ತಗುಲದೆ ಹೋದದ್ದು ಅವನ ಅದೃಷ್ಟ, ನಮ್ಮ ಜಾಣತನವಲ್ಲ.

ಎಲ್ಲ ಭೇದಿಯೂ ಅದಲ್ಲವೆಂಬುದೂ ಸರಿಯೇ. ಬೆಳೆದ ಬೆಕ್ಕು ಒಂದೆರಡು ಬಾರಿ ಸಡಿಲವಾಗಿ ಹೋಗಿ, ಆದರೆ ಎಂದಿನಂತೆ ಆಡುತ್ತ, ತಿನ್ನುತ್ತ, ನೀರು ಕುಡಿಯುತ್ತ ಇದ್ದರೆ ಒಂದು ದಿನ ನೋಡಬಹುದು. ನೋಡುವಾಗ ಒಂದು ಭೇದವನ್ನು ಗಮನಿಸಿದರೆ ವೈದ್ಯರಿಗೆ ಉಪಕಾರ. ಹೋಗುವುದು ಕೆಲವೇ ಸಲ, ಆದರೆ ಪ್ರತಿಸಲವೂ ಬಹಳ, ನೀರುನೀರು. ದಿನ ಕಳೆದಂತೆ ಬೆಕ್ಕು ಸೊರಗುತ್ತದೆ ಎಂದರೆ ತೊಂದರೆ ಸಣ್ಣ ಕರುಳಿನದು. ಮತ್ತೆಮತ್ತೆ ತಟ್ಟೆಗೆ ಓಡುವುದು, ತಿಣುಕುವುದು, ಬರುವುದು ಚಮಚದಷ್ಟು, ಮೇಲೆ ಲೋಳೆ, ಕೆಂಪು ಗೆರೆ ಎಂದರೆ ದೊಡ್ಡ ಕರುಳಿನದು. ಮರಿ, ಮುದಿ ಬೆಕ್ಕು, ಭೇದಿಯೊಡನೆ ವಾಂತಿ, ರಕ್ತ, ಮಂಕು, ಇವು ಯಾವುದಿದ್ದರೂ ನೋಡುತ್ತ ಕೂರುವ ಮಾತಿಲ್ಲ. ಭುಜದ ಮೇಲಿನ ಚರ್ಮವನ್ನು ಮೆಲ್ಲಗೆ ಎತ್ತಿ ಬಿಟ್ಟರೆ ಕೂಡಲೇ ಇಳಿಯಬೇಕು. ಗುಡಾರದಂತೆ ನಿಂತರೆ ಮೈಯ ನೀರು ಆರಿದೆ. ಇನ್ನೊಂದು ಮಾತು: ಬೆಕ್ಕು ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ ಅದು ಉಪವಾಸವಲ್ಲ, ರೋಗ. ಅದರಲ್ಲೂ ದಪ್ಪ ಬೆಕ್ಕುಗಳು ಕೆಲವೇ ದಿನ ಊಟ ಬಿಟ್ಟರೂ ಮೈಯ ಕೊಬ್ಬು ಯಕೃತ್ತಿಗೆ ನುಗ್ಗಿ ಅದನ್ನು ಕೆಡಿಸುತ್ತದೆ. ಏಕಾದಶಿ ನಮಗಿರಲಿ.

ಮನೆಯ ಔಷಧಿಪೆಟ್ಟಿಗೆಯನ್ನು ಮಾತ್ರ ದಯವಿಟ್ಟು ತೆರೆಯಬಾರದು. ಮನುಷ್ಯರ ಭೇದಿಯ ಮಾತ್ರೆ, ನೋವಿನ ಮಾತ್ರೆ ಬೆಕ್ಕಿಗೆ ಮದ್ದಲ್ಲ. ಪ್ಯಾರಸಿಟಮಾಲ್ ಅಂತೂ ಸಾಕ್ಷಾತ್ ವಿಷ. ನಾವು ತಲೆನೋವಿಗೆ ನುಂಗುವ ಒಂದೇ ಒಂದು ಮಾತ್ರೆ ಒಂದು ಬೆಕ್ಕನ್ನು ಕೊಲ್ಲಬಲ್ಲದು. ಅದನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗಿಲ್ಲ.

ಹೂವಿನ ದಾರದ ಕಥೆಯನ್ನು ಹೇಳದಿದ್ದರೆ ಈ ಲೇಖನ ಬರೆದೂ ವ್ಯರ್ಥ, ಏಕೆಂದರೆ ಹೂ ಮುಡಿಯದ, ದೇವರಿಗೆ ಹೂ ಏರಿಸದ ಮನೆ ನಮ್ಮಲ್ಲಿ ಕಡಿಮೆ. ಕಳೆದ ವರ್ಷ ಗೌರಿಹಬ್ಬದ ಮರುದಿನ ನಿರ್ಮಾಲ್ಯವನ್ನು ತೆಗೆದು ಬುಟ್ಟಿಯಲ್ಲಿಟ್ಟಿದ್ದೆವು. ಎರಡು ದಿನಗಳ ಮೇಲೆ ಕೆಂಚ ತಟ್ಟೆಯಿಂದ ಎದ್ದು ಬಂದಾಗ ಅವನ ಹಿಂದೆ ಒಂದು ಗೇಣು ದಾರ ನೇತಾಡುತ್ತಿತ್ತು, ಅದರಲ್ಲಿ ಒಂದು ಮಲ್ಲಿಗೆಯ ತೊಟ್ಟು. ನನಗೆ ನಗು ಬಂತು. ದಾರವನ್ನು ಹಿಡಿದು ಎಳೆಯಲು ಕೈ ಮುಂದೆ ಮಾಡಿದೆ. “ಎಳೀಬೇಡಿ!” ಎಂದು ನನ್ನಾಕೆ ಬಾಗಿಲಿನಿಂದಲೇ ಕೂಗಿದಳು. ಎಲ್ಲಿಯೋ ಓದಿದ್ದಳಂತೆ.

ಅವಳು ಕೂಗಿರದಿದ್ದರೆ ಏನಾಗಬಹುದಿತ್ತೆಂಬುದನ್ನು ವೈದ್ಯರು ನಮ್ಮ ಅಜ್ಜಂದಿರ ಎಲೆಯಡಕೆ ಸಂಚಿಯ ಉಪಮಾನದಿಂದ ತಿಳಿಸಿದರು. ದಾರದ ಒಂದು ತುದಿ ನಾಲಗೆಯ ಬುಡದಲ್ಲಿಯೋ ಜಠರದ ಬಾಗಿಲಿನಲ್ಲಿಯೋ ಸಿಕ್ಕಿಕೊಂಡಿರುತ್ತದೆ. ಉಳಿದದ್ದನ್ನು ಕರುಳು ಮುಂದಕ್ಕೆ ತಳ್ಳಲು ಹೊರಡುತ್ತದೆ. ದಾರ ಬರುವುದಿಲ್ಲ, ಕರುಳೇ ದಾರದ ಮೇಲೆ ಏರಿ, ಲಾಡಿ ಎಳೆದ ಸಂಚಿಯ ಬಾಯಂತೆ ನೆರಿಗೆಗಟ್ಟುತ್ತದೆ. ಬಿಗಿದ ದಾರ ಒಳಗೋಡೆಯನ್ನು ಗರಗಸದಂತೆ ಕೊಯ್ಯುತ್ತದೆ. ಹೊರಗಿನಿಂದ ನಾವೂ ಎಳೆದರೆ ಆ ಕೊಯ್ತಕ್ಕೆ ಕೈ ಕೊಟ್ಟಂತಾಯಿತು. ಆಮೇಲೆ ಶಸ್ತ್ರಚಿಕಿತ್ಸೆಯೇ ಗತಿ. ಅಂದು ಕೆಂಚನನ್ನು ಬುಟ್ಟಿಯಲ್ಲಿಟ್ಟು ಐವತ್ತು ಕಿಲೋಮೀಟರಿನಷ್ಟು ದೂರದ ಶಿವಮೊಗ್ಗೆಗೆ ಒಯ್ದು ಹೊಟ್ಟೆಯ ಸ್ಕ್ಯಾನ್ ಮಾಡಿಸಿದೆವು. ಕರುಳು ನೆರಿಗೆಗಟ್ಟಿರಲಿಲ್ಲ. ಮರುದಿನ ದಾರ ತಾನಾಗಿಯೇ ಪೂರ್ತಿ ಹೊರಬಂತು, ಎರಡೂವರೆ ಗೇಣು. ಅಂದಿನಿಂದ ನಮ್ಮ ಮನೆಯ ನಿರ್ಮಾಲ್ಯಕ್ಕೆ ಮುಚ್ಚಳದ ಡಬ್ಬ. ಸೂಜಿದಾರಕ್ಕೂ ಅದೇ ಕಟ್ಟುನಿಟ್ಟು. ಬೆಕ್ಕಿನ ನಾಲಗೆಯ ಮುಳ್ಳುಗಳು ಹಿಂದಕ್ಕೆ ಬಾಗಿರುವುದರಿಂದ ಬಾಯಿಗೆ ಸಿಕ್ಕ ದಾರವನ್ನು ಉಗುಳುವುದು ಅದಕ್ಕೆ ಕಷ್ಟ.

ಮಲಬದ್ಧತೆಯ ವಿಚಾರದಲ್ಲಿ ದೀರ್ಘವಾಗಿ ಹೇಳುವುದೇನಿಲ್ಲ. ಆಡಿನ ಹಿಕ್ಕೆಯಂತೆ ಒಣಗಿದ ಉಂಡೆಗಳಾಗಿ ಬಂದರೆ ನೀರು ಸಾಲದೆಂದು ಅರ್ಥ. ಎರಡು ದಿನ ಏನೂ ಬಾರದಿದ್ದರೆ ತೋರಿಸಬೇಕು. ಮುದಿ ಬೆಕ್ಕಿನಲ್ಲಿ ಮೂತ್ರಪಿಂಡದ ರೋಗವೂ ಹೀಗೆ ತೋರಿಕೊಳ್ಳುವುದುಂಟು. ಆದರೆ ಮಲಬದ್ಧತೆಯ ವೇಷದಲ್ಲಿ ಬರುವ ಇನ್ನೊಂದನ್ನು ಕುರಿತು ಎಚ್ಚರಿಸಲೇಬೇಕು. ಗಂಡುಬೆಕ್ಕು ತಟ್ಟೆಗೆ ಹೋಗಿ ಕುಳಿತು ತಿಣುಕುತ್ತದೆ, ಏನೂ ಬರುವುದಿಲ್ಲ, ಎದ್ದು ಮತ್ತೆ ಕುಳಿತುಕೊಳ್ಳುತ್ತದೆ, ಕೆಲವೊಮ್ಮೆ ಕೂಗುತ್ತದೆ. ಹೊಟ್ಟೆ ಕಟ್ಟಿದೆಯೆಂದು ಹರಳೆಣ್ಣೆಯ ಬಾಟಲಿ ಹುಡುಕುವ ಮುನ್ನ ಮರಳು ಒದ್ದೆಯಾಗಿದೆಯೇ ಎಂದು ನೋಡಬೇಕು. ಒಣಗಿದ್ದರೆ ಕಟ್ಟಿರುವುದು ಮಲವಲ್ಲ, ಮೂತ್ರ. ಗಂಡುಬೆಕ್ಕಿನ ಮೂತ್ರನಾಳ ಬಹಳ ಕಿರಿದು. ಹರಳು ಲೋಳೆಗಳ ಬಿರಡೆ ಅಲ್ಲಿ ಸಿಕ್ಕಿಕೊಂಡರೆ ಒಂದೆರಡು ದಿನಗಳಲ್ಲಿ ಪ್ರಾಣ ಹೋಗುತ್ತದೆ. ಅರ್ಧರಾತ್ರಿಯಾದರೂ ವೈದ್ಯರ ಬಾಗಿಲು ಬಡಿಯಬೇಕಾದ ಸಂದರ್ಭ ಇದು.

ವೈದ್ಯರಲ್ಲಿಗೆ ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ. ಅಂದಿನ ಮಲದಲ್ಲಿ ಒಂದು ಚಮಚದಷ್ಟನ್ನು ಮುಚ್ಚಳವಿರುವ ಶುಚಿಯಾದ ಡಬ್ಬಿಯಲ್ಲಿ, ಆದಷ್ಟು ಮರಳಿಲ್ಲದಂತೆ, ಕೆಲವೇ ಗಂಟೆಗಳೊಳಗೆ ಒಯ್ಯಬೇಕು. ಅದನ್ನು ಗಾಢವಾದ ಉಪ್ಪಿನ ದ್ರಾವಣದಲ್ಲಿ ಕದಡಿ ನಿಲ್ಲಿಸುತ್ತಾರೆ. ಕಸ ತಳಕ್ಕಿಳಿಯುತ್ತದೆ, ಹಗುರವಾದ ಹುಳುವಿನ ಮೊಟ್ಟೆಗಳು ಮೇಲಕ್ಕೆ ತೇಲಿ ಗಾಜಿಗಂಟಿಕೊಳ್ಳುತ್ತವೆ. ಸೂಕ್ಷ್ಮದರ್ಶಕದಲ್ಲಿ ನನಗೂ ಒಮ್ಮೆ ತೋರಿಸಿದರು. ಎಷ್ಟು ಅಚ್ಚುಕಟ್ಟಾದ ಅಂಡಾಕಾರಗಳು! ಕೆಲವು ಪರೋಪಜೀವಿಗಳು ದಿನವೂ ಹೊರಬೀಳುವುದಿಲ್ಲವಾದ್ದರಿಂದ ಮೂರು ದಿನದ ಮಾದರಿ ಕೇಳಿದರೆ ಬೇಸರಿಸಬಾರದು. ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಆಗದ ಪರೀಕ್ಷೆಗೆ ಶಿವಮೊಗ್ಗೆಯಲ್ಲಿ ಪಶುವೈದ್ಯಕೀಯ ಕಾಲೇಜಿದೆ.

ಬೆಕ್ಕಿಗಾಗಿ ಇಷ್ಟೆಲ್ಲ ಏಕೆಂದು ಕೇಳುವವರು ನಮ್ಮ ಬಂಧುಗಳಲ್ಲಿಯೇ ಇದ್ದಾರೆ. ಅವರಿಗೆ ನಾನು ನಮ್ಮ ಎರಡು ತಾಲ್ಲೂಕುಗಳ ಎರಡು ಸಂಗತಿಗಳನ್ನು ಹೇಳುವುದುಂಟು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957 ರಲ್ಲಿ ಮಂಗಗಳು ಸಾಯತೊಡಗಿದವು. ಅದರ ಬೆನ್ನಿಗೇ ಜನರಿಗೆ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು, ಉಣುಗುಗಳಿಂದ ಹರಡುವ ಹೊಸ ವೈರಸ್ಸನ್ನು ಕಂಡುಹಿಡಿದರು. ಇಂದಿಗೂ ಮಲೆನಾಡಿನಲ್ಲಿ ಮಂಗ ಸತ್ತುಬಿದ್ದರೆ ಕೂಡಲೇ ತಿಳಿಸಿರೆಂದು ಆರೋಗ್ಯ ಇಲಾಖೆ ಕೇಳುವುದು ಆ ಕಾರಣಕ್ಕೆ. ಇನ್ನೊಂದು ಅದಕ್ಕಿಂತ ಬಹಳ ಹಳೆಯದು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಯ ಮಠವನ್ನು ವರ್ಣಿಸುವ 1162 ರ ಶಾಸನವೊಂದು, ಅದು ಅನಾಥ ರೋಗಿಗಳಿಗೆ ಚಿಕಿತ್ಸೆ ದೊರೆಯುವ ಸ್ಥಳವೆಂದೂ ಸಕಲ ಜೀವಿಗಳಿಗೆ ಅಭಯ ದೊರೆಯುವ ಸ್ಥಳವೆಂದೂ ಹೇಳುತ್ತದೆ. ಅಲ್ಲಿ ಬೆಕ್ಕುಗಳಿದ್ದವೇ ಎಂಬುದನ್ನು ಶಾಸನ ತಿಳಿಸುವುದಿಲ್ಲ. ಅನ್ನದಾನವಿದ್ದ ಕಡೆ ಅಕ್ಕಿಯ ಕಣಜ, ಕಣಜವಿದ್ದ ಕಡೆ ಇಲಿ, ಇಲಿಯಿದ್ದ ಕಡೆ ಬೆಕ್ಕು ಎಂದು ನಾನು ಊಹಿಸಿಕೊಂಡಿದ್ದೇನೆ.

ಮಗು ಹುಟ್ಟಿ ಈಗ ಒಂದೂವರೆ ವರ್ಷ. ಆರೋಗ್ಯವಾಗಿದ್ದಾಳೆ, ಕೆಂಚನ ಬಾಲವನ್ನು ಹಿಡಿದು ನಡೆಯುವುದನ್ನು ಕಲಿತಳು. ತಟ್ಟೆಯ ಮೂಲೆಗೆ ಅವಳು ನುಸುಳದಂತೆ ಅಡ್ಡಗಟ್ಟಿದ್ದೇನೆ. ಸಟ್ಟುಗದ ಅಧಿಕಾರ ಇನ್ನೂ ನನ್ನಲ್ಲಿಯೇ ಉಳಿದಿದೆ.

ಹೋದ ವಾರ ರಾತ್ರಿ ಒಂಬತ್ತಕ್ಕೆ ಸೋದರತ್ತೆಯ ಮೊಬೈಲಿನಿಂದ ಒಂದು ಚಿತ್ರ ಬಂತು. ಹಿಂದೆಯೇ ಕರೆ. “ನಮ್ಮ ಕೊಟ್ಟಿಗೆಗೆ ಒಂದು ಬೆಕ್ಕು ಬಂದು ಸೇರಿಕೊಂಡಿದೆ ಕಣೋ, ಪಾಪದ್ದು. ಚಿತ್ರ ನೋಡಿದೆಯಾ? ಮೇಲೆ ಬೆಳ್ಳಗೆ ಇರೋದೇನು?” ಕಾಗದ ತಿದ್ದುತ್ತ ಕುಳಿತಿದ್ದ ನಾನು ಕನ್ನಡಕವನ್ನು ಸರಿಪಡಿಸಿಕೊಂಡು ಚಿತ್ರವನ್ನು ಹಿಗ್ಗಿಸಿ ನೋಡಿದೆ. ಸೌತೆಬೀಜ. ಬೆಕ್ಕಿನ ಮೈಯಲ್ಲಿ ಚಿಗಟವಿದೆಯೇ ನೋಡಿ, ನಾಳೆ ತೂಕ ಹಾಕಿಸಿ ಮದ್ದು ಕೊಡಿಸಿ ಎಂದೆ. ಅತ್ತೆ ಎಲ್ಲವನ್ನೂ ಬರೆದುಕೊಂಡು, “ಹಾಲನ್ನ ಹಾಕಬಹುದಲ್ಲ?” ಎಂದು ಕೇಳಿದರು.